ಆರು ಜನ, ಒಂದು ಎಸ್‌ಯುವಿ, ಹಿಂದೆ ಟ್ರಾವೆಲ್ ಟ್ರೇಲರ್: ಓಲಾಡದಂತೆ ಎಳೆಯೋದು ಹೇಗೆ?

ತುಂಗಾತೀರ (ಫ್ರೀಮಾಂಟ್, ಕ್ಯಾಲಿಫೋರ್ನಿಯಾ)

ಎಲ್ಲರಿಗೂ ನಮಸ್ಕಾರ. ಜೂನ್‌ನಲ್ಲಿ ಅಪ್ಪ ಅಮ್ಮ ಶಿವಮೊಗ್ಗದಿಂದ ಬರುತ್ತಿದ್ದಾರೆ. ಅಮ್ಮನಿಗೆ ದಿನವೂ ಹೊರಗಿನ ಊಟ ಆಗಿಬರೋದಿಲ್ಲ. ಮಂಡಿನೋವು ಬೇರೆ, ಆಗಾಗ ಕಾಲು ಚಾಚಿ ಮಲಗಬೇಕು. ಅದಕ್ಕೆ ಅಡುಗೆಮನೆ, ಬಚ್ಚಲು, ಹಾಸಿಗೆ ಎಲ್ಲಾ ಇರುವ ಒಂದು ಟ್ರಾವೆಲ್ ಟ್ರೇಲರ್ ಬಾಡಿಗೆಗೆ ತಗೊಂಡು ಹೋಗೋಣ ಅಂತ ಯೋಚನೆ.

ದಾರಿ ಹೀಗೆ: ಐ-80 ಹೆದ್ದಾರಿ ಹಿಡಿದು ಡಾನರ್ ಸಮ್ಮಿಟ್ ದಾಟಿ ರೀನೊ. ಅಲ್ಲಿಂದ 395ನೇ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಮೋನೊ ಲೇಕ್, ಬಿಷಪ್, ಲೋನ್ ಪೈನ್. ವಾಪಸ್ಸೂ ಅದೇ ದಾರಿ.

ನಮ್ಮದು ಮೂರು ಸಾಲು ಸೀಟಿನ ಎಸ್‌ಯುವಿ. 5,000 ಪೌಂಡ್ ಎಳೆಯುತ್ತೆ ಅಂತ ಕಂಪನಿ ಹೇಳುತ್ತದೆ. ನೋಡಿಟ್ಟಿರುವ ಟ್ರೇಲರ್ 24 ಅಡಿ, ಖಾಲಿ ತೂಕ 4,350 ಪೌಂಡ್. ಇನ್ನೂ 650 ಪೌಂಡ್ ಉಳಿಯುತ್ತದೆ, ಸಾಕಲ್ವಾ? ಹೆದ್ದಾರಿಯಲ್ಲಿ ಟ್ರೇಲರ್ ಎಡಕ್ಕೂ ಬಲಕ್ಕೂ ಓಲಾಡಿ ಕೊನೆಗೆ ಕಾರನ್ನೂ ಎಳೆದುಕೊಂಡು ಮಗುಚುವ ವಿಡಿಯೊಗಳನ್ನು ನೋಡಿದೆ. ಅದು ಯಾಕೆ ಆಗುತ್ತೆ, ಆಗದ ಹಾಗೆ ಏನು ಮಾಡಬೇಕು, ಗೊತ್ತಿರುವವರು ಹೇಳಿ. ಓಡಿಸೋದು ನಾನೇ.

ಇನ್ನೊಂದು ಪ್ರಶ್ನೆ. ಅಮ್ಮ ದಾರಿಯಲ್ಲಿ ಟ್ರೇಲರ್ ಒಳಗೇ ಮಲಗಿಕೊಂಡು ಬರಬಹುದಾ?

ರೂಟ್_395

ಕೊನೆಯ ಪ್ರಶ್ನೆಗೆ ಮೊದಲು ಉತ್ತರ. ಬೇಡ. ಕ್ಯಾಲಿಫೋರ್ನಿಯಾದಲ್ಲಿ ಟ್ರಾವೆಲ್ ಟ್ರೇಲರ್ ಓಡುತ್ತಿರುವಾಗ ಒಳಗೆ ಜನ ಇರುವಂತಿಲ್ಲ, ಕಾನೂನೇ ಬಿಡುವುದಿಲ್ಲ. ಕಾನೂನು ಇಲ್ಲದಿದ್ದರೂ ಬೇಡ ಅಂತಲೇ ಹೇಳುತ್ತಿದ್ದೆ. ಒಳಗೆ ಸೀಟ್ ಬೆಲ್ಟ್ ಇಲ್ಲ, ಗೋಡೆಗಳು ತೆಳು. ಅಮ್ಮನಿಗೆ ಕಾಲು ಚಾಚಬೇಕು ಅನಿಸಿದಾಗ ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿ, ಅರ್ಧ ಗಂಟೆ ಮಲಗಲಿ. ಟ್ರೇಲರ್ ತಗೊಂಡು ಹೋಗುವ ಸುಖವೇ ಅದು.

ಈಗ ತೂಕಕ್ಕೆ ಬರೋಣ. 4,350 ಅನ್ನುವುದು ಕಾರ್ಖಾನೆಯಿಂದ ಹೊರಗೆ ಬಂದಾಗಿನ ತೂಕ. ಅದರಲ್ಲಿ ನೀರಿಲ್ಲ, ಪಾತ್ರೆಯಿಲ್ಲ, ಹಾಸಿಗೆ ಬಟ್ಟೆಯಿಲ್ಲ, ಅಕ್ಕಿ ಬೇಳೆಯಿಲ್ಲ. ಒಂದು ಗ್ಯಾಲನ್ ನೀರು 8.3 ಪೌಂಡ್ ತೂಗುತ್ತದೆ. 40 ಗ್ಯಾಲನ್ ಟ್ಯಾಂಕ್ ತುಂಬಿಸಿದರೆ 330 ಪೌಂಡ್ ಅಲ್ಲೇ ಹೋಯಿತು. ಆರು ಜನರ ಸಂಸಾರ ಅಂದರೆ 1,000 ಪೌಂಡ್ ಸಾಮಾನು ಸುಲಭವಾಗಿ ಸೇರುತ್ತದೆ. ಅಲ್ಲಿಗೆ 5,350. ನಿಮ್ಮ ಗಾಡಿಯ ಮಿತಿ ಆಗಲೇ ದಾಟಿತು.

ಆದರೆ ನನ್ನ ದೊಡ್ಡ ಚಿಂತೆ ಅದಲ್ಲ. ಡ್ರೈವರ್ ಬಾಗಿಲು ತೆಗೆದು ಕಂಬದ ಮೇಲೆ ಅಂಟಿಸಿರುವ ಹಳದಿ ಚೀಟಿ ನೋಡಿ. ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಅಂತ ಇರುತ್ತದೆ. ಅದು ಪೇಲೋಡ್. ಟ್ರೇಲರ್ ತನ್ನ ಮೂತಿಯಿಂದ ನಿಮ್ಮ ಹಿಚ್ (ಕಾರಿನ ಹಿಂದಿನ ಕೊಂಡಿ) ಮೇಲೆ ಹೇರುವ ಭಾರ, ಅಂದರೆ ಟಂಗ್ ವೇಟ್, ಈ ಪೇಲೋಡ್‌ನಿಂದಲೇ ಕಳೆಯಬೇಕು. ಟ್ರಾವೆಲ್ ಟ್ರೇಲರ್‌ಗೆ ಟಂಗ್ ವೇಟ್ ಒಟ್ಟು ತೂಕದ ಶೇಕಡಾ 10ರಿಂದ 15 ಇರಬೇಕು. ಹತ್ತಕ್ಕಿಂತ ಕಡಿಮೆಯಾದರೆ ಓಲಾಟ ಶುರುವಾಗುವ ಸಾಧ್ಯತೆ ಜಾಸ್ತಿ. ನೀವು ನೋಡಿದ ವಿಡಿಯೊಗಳಂಥ ಅಪಘಾತಗಳಲ್ಲಿ ಹೆಚ್ಚಿನವು ಇಲ್ಲೇ ಹುಟ್ಟುವುದು.

ಚೀಟಿಯಲ್ಲಿ ಎಷ್ಟಿದೆ, ಎಲ್ಲರ ತೂಕ ಎಷ್ಟು ಅಂತ ಬರೆಯಿರಿ. ಹಿಚ್ ರಿಸೀವರ್ (ಹಿಚ್ ತೂರಿಸುವ ಚೌಕ ಕೊಳವೆ) ಮೇಲೂ ಒಂದು ಚೀಟಿ ಇರುತ್ತದೆ, ಅದನ್ನೂ ನೋಡಿ.

ಜಯನಗರ_4ನೇ_ಬ್ಲಾಕ್

ಇಷ್ಟೆಲ್ಲಾ ಹೆದರಿಸಬೇಡಿ ಸರ್. ಒಂದು ಒಳ್ಳೆಯ ವೇಟ್ ಡಿಸ್ಟ್ರಿಬ್ಯೂಷನ್ ಹಿಚ್, ಅದರಲ್ಲೇ ಸ್ವೇ ಕಂಟ್ರೋಲ್ (ಓಲಾಟದ ತಡೆ) ಇರುವುದು ಹಾಕಿಸಿದರೆ ಆಯಿತು. ಈಗಿನ ಗಾಡಿಗಳಲ್ಲಿ ಟ್ರೇಲರ್ ಸ್ವೇ ಕಂಟ್ರೋಲ್ ಸಾಫ್ಟ್‌ವೇರ್ ಕೂಡ ಇರುತ್ತದೆ. ನಾವು ದೊಡ್ಡ ಪಿಕಪ್‌ನಲ್ಲಿ 28 ಅಡಿಯದ್ದು ಎಳೆಯುತ್ತೇವೆ, ಏನೂ ತೊಂದರೆ ಇಲ್ಲ.

ರೂಟ್_395

ಹೆದರಿಸುತ್ತಿಲ್ಲ ಸರ್, ಲೆಕ್ಕ ಹೇಳುತ್ತಿದ್ದೇನೆ. ನಿಮ್ಮದು ಪಿಕಪ್. ಉದ್ದ ಜಾಸ್ತಿ, ತೂಕ ಜಾಸ್ತಿ, ಟೈರ್ ಗಟ್ಟಿ. ಇವರದು ಆರು ಜನ ತುಂಬಿದ ಎಸ್‌ಯುವಿ. ಎರಡಕ್ಕೂ ಒಂದೇ ಮಾತು ಹೇಳೋಕಾಗಲ್ಲ.

ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ ಒಳ್ಳೆಯದೇ. ಅದರ ಸ್ಪ್ರಿಂಗ್ ಬಾರ್‌ಗಳು ಹಿಂದಿನ ಆಕ್ಸಲ್ ಮೇಲೆ ಬಿದ್ದ ಭಾರದಲ್ಲಿ ಒಂದು ಪಾಲನ್ನು ಮುಂದಿನ ಚಕ್ರಕ್ಕೆ, ಇನ್ನೊಂದು ಪಾಲನ್ನು ಟ್ರೇಲರ್ ಚಕ್ರಕ್ಕೆ ಹಂಚುತ್ತವೆ. ಆದರೆ ಅದರಿಂದ ಗಾಡಿಯ ಪೇಲೋಡ್ ಹೆಚ್ಚುವುದಿಲ್ಲ. ಹಿಚ್‌ನ ತೂಕವೇ 75ರಿಂದ 100 ಪೌಂಡ್ ಇರುತ್ತದೆ, ಅದೂ ನಿಮ್ಮ ಲೆಕ್ಕಕ್ಕೇ ಬರುತ್ತದೆ. ಕೆಲವು ಎಸ್‌ಯುವಿಗಳ ಮ್ಯಾನುಯಲ್‌ನಲ್ಲಿ ಈ ಹಿಚ್ ಹಾಕಲೇಬೇಡಿ ಅಂತಲೂ ಇದೆ. ಮೊದಲು ಮ್ಯಾನುಯಲ್ ಓದಿ.

ಘರ್ಷಣೆಯಿಂದ ತಡೆಯುವ ಸ್ವೇ ಬಾರ್ ಸಣ್ಣ ಓಲಾಟವನ್ನು ಅದುಮುತ್ತದೆ. ಸಾಫ್ಟ್‌ವೇರ್ ಓಲಾಟ ಶುರುವಾದ ಮೇಲೆ ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕಿ ತಡೆಯಲು ನೋಡುತ್ತದೆ. ಎರಡೂ ಕೊನೆಯ ಹಂತದ ರಕ್ಷಣೆ ಮಾತ್ರ. ತಪ್ಪಾಗಿ ತುಂಬಿದ ಟ್ರೇಲರನ್ನು ಸರಿಮಾಡುವ ಶಕ್ತಿ ಎರಡಕ್ಕೂ ಇಲ್ಲ. ಸಾಮಾನು ಸರಿಯಾಗಿ ತುಂಬಿದ್ದರೆ ಸ್ವೇ ಬಾರ್ ಇಲ್ಲದೆಯೂ ಟ್ರೇಲರ್ 55 ಮೈಲಿ ವೇಗದಲ್ಲಿ ನೇರವಾಗಿ ಬರಬೇಕು. ಬಾರ್ ಹಾಕಿದರೆ ಮಾತ್ರ ನೇರ ಬರುತ್ತದೆ ಅಂದರೆ, ಒಳಗೆ ಏನೋ ಸರಿಯಿಲ್ಲ ಅಂತಲೇ ತಿಳಿಯಬೇಕು.

ತುಂಗಾತೀರ

ಚೀಟಿ ನೋಡಿದೆ. 1,480 ಪೌಂಡ್. ನಾವಿಬ್ಬರು, ಅಪ್ಪ ಅಮ್ಮ, ಇಬ್ಬರು ಮಕ್ಕಳು ಸೇರಿ ಸುಮಾರು 715. ಕಾರಿನೊಳಗೆ ಬ್ಯಾಗು, ತಿಂಡಿ, ನೀರು ಅಂತ 120 ಹಿಡಿಯಿರಿ. ರಿಸೀವರ್ ಚೀಟಿಯಲ್ಲಿ ಟ್ರೇಲರ್ 5,000, ಟಂಗ್ 500 ಅಂತಿದೆ. ಮ್ಯಾನುಯಲ್‌ನಲ್ಲಿ ವೇಟ್ ಡಿಸ್ಟ್ರಿಬ್ಯೂಷನ್ ಹಿಚ್ ಹಾಕಬಹುದು ಅಂತ ಇದೆ.

ರೂಟ್_395

ತುಂಬಾ ಒಳ್ಳೆಯದು ಅಕ್ಕ, ಈಗ ಚಿತ್ರ ಸ್ಪಷ್ಟವಾಯಿತು. 1,480ರಲ್ಲಿ ಜನ 715, ಸಾಮಾನು 120, ಹಿಚ್ 75 ಕಳೆಯಿರಿ. ಉಳಿಯುವುದು 570. ನೀವು ನೋಡಿರುವ ಟ್ರೇಲರ್ ತುಂಬಿದ ಮೇಲೆ 5,350. ಶೇಕಡಾ 13ರ ಲೆಕ್ಕದಲ್ಲಿ ಟಂಗ್ ವೇಟ್ 695. ಕನಿಷ್ಠ ಹತ್ತು ಹಿಡಿದರೂ 535. ಹಿಚ್ ತಡೆಯುವುದು 500. ಯಾವ ಕಡೆಯಿಂದ ನೋಡಿದರೂ ಕೂರುವುದಿಲ್ಲ.

ಇಲ್ಲಿ ಜನ ಏನು ಮಾಡುತ್ತಾರೆ ಗೊತ್ತಾ? ಟಂಗ್ ಭಾರ ಜಾಸ್ತಿ ಆಯಿತು ಅಂತ ಸಾಮಾನನ್ನು ಟ್ರೇಲರ್‌ನ ಹಿಂಭಾಗಕ್ಕೆ ತಳ್ಳುತ್ತಾರೆ. ಹಿಚ್ ಹಗುರಾಗುತ್ತದೆ. ಗಾಡಿಯ ಹಿಂಭಾಗ ಕುಗ್ಗುವುದಿಲ್ಲ, ನೋಡೋಕೆ ಚೆನ್ನಾಗಿ ಕಾಣುತ್ತದೆ. ಹೆದ್ದಾರಿಗೆ ಹೋದ ಮೇಲೆ ಅದೇ ಟ್ರೇಲರ್ ಬಾಲ ಬೀಸಲು ಶುರು ಮಾಡುತ್ತದೆ. ಮಿತಿ ಮೀರಿದ್ದನ್ನು ಹೀಗೆ ಮುಚ್ಚಿಡಲು ಹೋಗುವುದೇ ಅತಿ ಅಪಾಯದ ಕೆಲಸ. ದಯವಿಟ್ಟು ಆ ದಾರಿ ಹಿಡಿಯಬೇಡಿ. ಚಿಕ್ಕ ಟ್ರೇಲರ್ ನೋಡಿ. ಖಾಲಿ ತೂಕ 3,300ರ ಆಸುಪಾಸು ಇರುವ 19 ಅಡಿಯದ್ದು ನಿಮಗೆ ಸರಿ.

ಇನ್ನೊಂದು ವಿಷಯ. 5,000 ಅನ್ನುವ ಆ ದೊಡ್ಡ ಸಂಖ್ಯೆ ಹೇಗೆ ಬಂತು ಅಂತ ತಿಳಿದಿರಲಿ. ಎಸ್‌ಎಇ ಜೆ2807 ಅನ್ನುವ ಪರೀಕ್ಷಾ ಮಾನದಂಡ ಇದೆ. ಅದರಲ್ಲಿ ಗಾಡಿಯೊಳಗೆ ತಲಾ 150 ಪೌಂಡಿನ ಇಬ್ಬರು ಇದ್ದಾರೆ ಅಂತ ಲೆಕ್ಕ. ಆರು ಜನ ಅಲ್ಲ. ನಮ್ಮ ಕಡೆಯವರು ಅಪ್ಪ ಅಮ್ಮ, ಅತ್ತೆ ಮಾವ ಎಲ್ಲರನ್ನೂ ಕೂರಿಸಿಕೊಂಡು ಹೊರಡುತ್ತೇವೆ. ಅದಕ್ಕೇ ಈ ಲೆಕ್ಕ ನಮಗೆ ಇನ್ನೂ ಮುಖ್ಯ.

ಮೆಕ್_1998

ಯಾಕೆ ಓಲಾಡುತ್ತದೆ ಅಂತ ಕೇಳಿದ್ದರಲ್ಲ, ನಾನು ಸ್ವಲ್ಪ ಹೇಳುತ್ತೇನೆ.

ಟ್ರೇಲರ್ ಹಿಚ್ಚಿನ ಒಂದು ಗುಂಡಿನ (ಬಾಲ್) ಮೇಲೆ ತಿರುಗುವಂತೆ ಕೂತಿದೆ. ಗಾಳಿಯೋ, ರಸ್ತೆಯ ಗುಂಡಿಯೋ, ನೀವು ಲೇನ್ ಬದಲಿಸಿದ್ದೋ, ಏನಾದರೂ ಅದನ್ನು ಪಕ್ಕಕ್ಕೆ ತಳ್ಳುತ್ತದೆ. ಟೈರ್‌ಗಳು ವಾಪಸ್ ಎಳೆಯುತ್ತವೆ. ಅದು ನಡುವೆ ನಿಲ್ಲದೆ ಸ್ವಲ್ಪ ಆಚೆ ಹೋಗುತ್ತದೆ, ಮತ್ತೆ ಈಚೆ ಬರುತ್ತದೆ. ನಿಧಾನ ಹೋಗುತ್ತಿದ್ದರೆ ಪ್ರತಿ ಸಲವೂ ಓಲಾಟ ಚಿಕ್ಕದಾಗುತ್ತಾ ನಿಂತುಹೋಗುತ್ತದೆ. ವೇಗ ಹೆಚ್ಚಿದಂತೆ ಈ ಅಡಗುವ ಗುಣ ಕಡಿಮೆಯಾಗುತ್ತದೆ. ಪ್ರತಿ ಗಾಡಿ-ಟ್ರೇಲರ್ ಜೋಡಿಗೂ ಒಂದು ವೇಗ ಇದೆ. ಅದನ್ನು ದಾಟಿದರೆ ಓಲಾಟ ಅಡಗುವ ಬದಲು ತಾನಾಗಿ ಬೆಳೆಯುತ್ತದೆ. 55ರಲ್ಲಿ ಏನೂ ಕಾಣದ ಟ್ರೇಲರ್ 68ರಲ್ಲಿ ಕೈಮೀರುವುದು ಇದಕ್ಕೇ. ಚಾಲಕ ಎಷ್ಟೇ ನಿಪುಣನಿದ್ದರೂ ಆ ವೇಗದ ಮೇಲೆ ಅವನ ಕೈ ಗಾಡಿಯ ಚಲನೆಗಿಂತ ತಡವಾಗಿಯೇ ತಿರುಗುತ್ತದೆ. ತಿರುಗಿಸಿದ್ದೇ ಓಲಾಟಕ್ಕೆ ಇನ್ನಷ್ಟು ಬಲ ಕೊಡುತ್ತದೆ.

ಆ ಮಿತಿಯ ವೇಗವನ್ನು ಕೆಳಗೆ ಎಳೆಯುವ ಕಾರಣಗಳಲ್ಲಿ ಮೊದಲನೆಯದು ಹಿಂದೆ ತುಂಬಿದ ಭಾರ. ಟ್ರೆಡ್‌ಮಿಲ್ ಮೇಲೆ ಆಟಿಕೆ ಕಾರು, ಅದರ ಹಿಂದೆ ಪುಟ್ಟ ಟ್ರೇಲರ್ ಇಟ್ಟು ತೂಕ ಸರಿಸಿ ತೋರಿಸುವ ವಿಡಿಯೊ ಹುಡುಕಿ ನೋಡಿ. ತೂಕ ಮುಂದೆ ಇದ್ದಾಗ ಬೆರಳಿನಿಂದ ತಳ್ಳಿದರೂ ನೇರವಾಗುತ್ತದೆ. ಅದೇ ತೂಕ ಹಿಂದಕ್ಕೆ ಸರಿಸಿದರೆ ಒಂದೇ ತಳ್ಳಿಗೆ ಮಗುಚುತ್ತದೆ. ಮಕ್ಕಳಿಗೂ ತೋರಿಸಿ.

ಒಂದು ಸೂಕ್ಷ್ಮ. ಟಂಗ್ ವೇಟ್ ಸರಿಯಿದ್ದರೆ ಸಾಕು ಅಂತ ಅತಿ ಮುಂದೆ ಒಂದಿಷ್ಟು ಭಾರ, ಅದನ್ನು ಸರಿತೂಗಿಸಲು ಅತಿ ಹಿಂದೆ ಒಂದಿಷ್ಟು ಭಾರ ಇಡಬಾರದು. ತೂಕದ ಲೆಕ್ಕ ಸರಿಬರಬಹುದು. ಆದರೆ ಎರಡು ತುದಿಯಲ್ಲಿ ಭಾರ ಇರುವ ಟ್ರೇಲರ್ ಒಮ್ಮೆ ತಿರುಗಲು ಶುರು ಮಾಡಿದರೆ ನಿಲ್ಲಿಸುವುದು ಕಷ್ಟ. ಭಾರದ ಸಾಮಾನು ಆಕ್ಸಲ್ ಹತ್ತಿರ, ಸ್ವಲ್ಪ ಮುಂದೆ, ನೆಲಕ್ಕೆ ಹತ್ತಿರ ಇರಲಿ. ಅಕ್ಕಿ ಚೀಲ, ಗ್ರೈಂಡರ್, ಕುಕ್ಕರ್ ಮೇಲಿನ ಕಪಾಟಿಗೆ ಬೇಡ.

ಕಬ್ಬಿನಗದ್ದೆ (ಮಂಡ್ಯ)

ನಾನು ಟ್ರಾವೆಲ್ ಟ್ರೇಲರ್ ಎಳೆದವನಲ್ಲ. ಆದರೆ ನಮ್ಮ ಮನೆಯಲ್ಲಿ ಟ್ರ್ಯಾಕ್ಟರ್ ಇದೆ, ಸೀಸನ್‌ನಲ್ಲಿ ಕಾರ್ಖಾನೆಗೆ ಕಬ್ಬು ಹೊಡೆಯುತ್ತೇವೆ. ಇಲ್ಲಿ ಓದಿದ್ದೆಲ್ಲಾ ನಮಗೂ ಗೊತ್ತಿರುವ ಸಂಗತಿಯೇ. ಟ್ರೇಲರ್‌ನ ಮುಂಭಾಗಕ್ಕೆ ಕಬ್ಬು ಜಾಸ್ತಿ ಬಿದ್ದರೆ ಕೊಂಡಿಯ ಮೇಲೆ ಭಾರ ಬಿದ್ದು ಟ್ರ್ಯಾಕ್ಟರಿನ ಮುಂದಿನ ಚಕ್ರ ಏರಿನಲ್ಲಿ ಎದ್ದೇಳುತ್ತದೆ. ಚಕ್ರ ಎದ್ದ ಮೇಲೆ ಸ್ಟೀರಿಂಗ್ ತಿರುಗಿಸಿ ಪ್ರಯೋಜನವಿಲ್ಲ. ಒಂಟಿ ಆಕ್ಸಲ್ ಟ್ರೇಲರ್‌ನಲ್ಲಿ ಹಿಂದೆ ಜಾಸ್ತಿ ತುಂಬಿದರೆ ಕೊಂಡಿ ಮೇಲಕ್ಕೆ ಎತ್ತುತ್ತದೆ, ಹಿಂದಿನ ದೊಡ್ಡ ಚಕ್ರಕ್ಕೆ ಹಿಡಿತ ಸಿಗುವುದಿಲ್ಲ. ತುಂಬುವಾಗ ನಿಂತು ನೋಡುವುದು ಮನೆಯ ಹಿರಿಯರ ಕೆಲಸ ನಮ್ಮಲ್ಲಿ. ಕಬ್ಬು ಕಡಿಯುವವರಿಗೆ ಬಿಟ್ಟು ಬರುವುದಿಲ್ಲ.

ನಮ್ಮದು ನಿಧಾನದ ಓಟ, ಅದಕ್ಕೆ ನೀವು ಹೇಳುವ ಓಲಾಟ ಕಡಿಮೆ. ಆದರೂ ಇಳಿಜಾರಿನಲ್ಲಿ ಬ್ರೇಕ್ ಇಲ್ಲದ ಟ್ರೇಲರ್ ಹಿಂದಿನಿಂದ ನೂಕಿ ಟ್ರ್ಯಾಕ್ಟರನ್ನು ಅಡ್ಡ ಮಾಡಿಬಿಡುತ್ತದೆ. ಅಲ್ಲಿ ಟ್ರೇಲರ್‌ಗೆ ಬೇರೆ ಬ್ರೇಕ್ ಇರುತ್ತಾ?

ಡೆನ್ವರ್_ಕನ್ನಡಿಗ

ಇರುತ್ತೆ ಅಣ್ಣ. ಕ್ಯಾಲಿಫೋರ್ನಿಯಾದಲ್ಲಿ 1,500 ಪೌಂಡ್ ಅಥವಾ ಅದಕ್ಕಿಂತ ಭಾರದ ಇಂಥ ಟ್ರೇಲರ್‌ಗೆ ಬ್ರೇಕ್ ಇರಲೇಬೇಕು. ಹೆಚ್ಚಿನವು ಎಲೆಕ್ಟ್ರಿಕ್ ಬ್ರೇಕ್. ಏಳು ಪಿನ್ನಿನ ವೈರ್ ಮೂಲಕ ಕಾರಿನೊಳಗಿನ ಬ್ರೇಕ್ ಕಂಟ್ರೋಲರ್ ಅದನ್ನು ನಡೆಸುತ್ತದೆ.

ತುಂಗಾತೀರ ಅವರೇ, ನಿಮ್ಮ ಎಸ್‌ಯುವಿಯಲ್ಲಿ ಕಂಟ್ರೋಲರ್ ಇದೆಯಾ ನೋಡಿ. ಎಷ್ಟೋ ಗಾಡಿಗಳಲ್ಲಿ ಹಿಚ್ ಇರುತ್ತದೆ, ಕಂಟ್ರೋಲರ್ ಇರುವುದಿಲ್ಲ. ಹಾಕಿಸುವುದಾದರೆ ಪ್ರೊಪೋರ್ಷನಲ್ ಬಗೆಯದ್ದೇ ಹಾಕಿಸಿ. ನೀವು ಎಷ್ಟು ಒತ್ತಿ ನಿಲ್ಲಿಸುತ್ತೀರೋ ಅಷ್ಟೇ ಜೋರಾಗಿ ಟ್ರೇಲರ್ ಬ್ರೇಕ್ ಹಿಡಿಯುತ್ತದೆ. ಟ್ರೇಲರ್ ಕಟ್ಟಿದ ಮೇಲೆ ಖಾಲಿ ಜಾಗದಲ್ಲಿ 25 ಮೈಲಿ ವೇಗದಲ್ಲಿ ಹೋಗಿ, ಕಂಟ್ರೋಲರ್‌ನ ಕೈ ಲಿವರ್ ಮಾತ್ರ ಒತ್ತಿ. ಟ್ರೇಲರ್ ಗಾಡಿಯನ್ನು ಹಿಂದಕ್ಕೆ ಗಟ್ಟಿಯಾಗಿ ಎಳೆಯಬೇಕು, ಚಕ್ರ ಲಾಕ್ ಆಗಬಾರದು. ಲಾಕ್ ಆದರೆ ಗೇನ್ (ಟ್ರೇಲರ್ ಬ್ರೇಕಿನ ಬಲ) ಸ್ವಲ್ಪ ಇಳಿಸಿ. ಏನೂ ಎಳೆತ ಗೊತ್ತಾಗದಿದ್ದರೆ ಏರಿಸಿ.

ಆ ಲಿವರ್ ಎಲ್ಲಿದೆ ಅಂತ ನೋಡದೆಯೇ ಕೈ ಹೋಗುವಷ್ಟು ಅಭ್ಯಾಸ ಮಾಡಿಕೊಳ್ಳಿ. ಓಲಾಟ ಶುರುವಾದಾಗ ನಿಮ್ಮನ್ನು ಕಾಪಾಡುವುದು ಅದೇ. ಆಕ್ಸಿಲರೇಟರ್‌ನಿಂದ ಕಾಲು ಮೆಲ್ಲಗೆ ತೆಗೆಯಿರಿ. ಸ್ಟೀರಿಂಗ್ ನೇರ ಹಿಡಿಯಿರಿ, ಓಲಾಟದ ಜೊತೆ ತಿರುಗಿಸಲು ಹೋಗಬೇಡಿ. ಕೈ ಲಿವರ್ ಒತ್ತಿ, ಟ್ರೇಲರ್ ಬ್ರೇಕ್ ಮಾತ್ರ ಹಿಡಿಯಲಿ. ಅದು ಹಿಂದಿನಿಂದ ಎಳೆದು ಜೋಡಿಯನ್ನು ನೇರ ಮಾಡುತ್ತದೆ. ಕಾಲಿನ ಬ್ರೇಕ್ ಜೋರಾಗಿ ಒತ್ತಿದರೆ ಗಾಡಿ ನಿಧಾನವಾಗುತ್ತದೆ, ಟ್ರೇಲರ್ ಹಿಂದಿನಿಂದ ನೂಕುತ್ತದೆ. ಮಂಡ್ಯದ ಅಣ್ಣ ಹೇಳಿದ ಹಾಗೆ ಅಡ್ಡ ಆಗುವುದು ಆಗಲೇ.

ಅದು ನಿಂತ ಮೇಲೆ ಹಾಗೇ ಮುಂದುವರಿಯಬೇಡಿ. ಮುಂದಿನ ಎಕ್ಸಿಟ್‌ನಲ್ಲಿ ಇಳಿದು ಕಾರಣ ಹುಡುಕಿ. ಟೈರ್ ಗಾಳಿ, ಸಾಮಾನು ಸರಿದದ್ದು, ಹಿಚ್, ಎಲ್ಲಾ.

ಜಯನಗರ_4ನೇ_ಬ್ಲಾಕ್

ಆಕ್ಸಿಲರೇಟರ್ ಒತ್ತಿದರೆ ಟ್ರೇಲರ್ ನೇರವಾಗುತ್ತದೆ ಅಂತ ಹಳಬರು ಹೇಳುವುದನ್ನು ಕೇಳಿದ್ದೇನೆ. ಮುಂದಕ್ಕೆ ಎಳೆದಾಗ ಸರಿಹೋಗಬೇಕಲ್ವಾ?

ಮೆಕ್_1998

ಒಂದು ಕ್ಷಣ ಎಳೆತ ಹೆಚ್ಚಿ ನೇರವಾದಂತೆ ಕಾಣಬಹುದು. ಆದರೆ ನೀವು ಹೋಗುತ್ತಿರುವುದು ಇನ್ನೂ ಹೆಚ್ಚಿನ ವೇಗಕ್ಕೆ. ಓಲಾಟ ಅಡಗುವ ಗುಣ ಅಲ್ಲಿ ಇನ್ನೂ ಕಡಿಮೆ. ಮುಂದಿನ ಗಾಳಿಗೆ ಮತ್ತೆ ಶುರುವಾದರೆ ಮೊದಲಿಗಿಂತ ಕೆಟ್ಟ ಜಾಗದಲ್ಲಿರುತ್ತೀರಿ. ಇಳಿಜಾರಿನಲ್ಲಂತೂ ಇದು ಸಲ್ಲದು. ವೇಗ ಇಳಿಸುವುದೇ ದಾರಿ.

ಯಾರ್ರಾ_ತೀರ (ಮೆಲ್ಬರ್ನ್)

ಇಲ್ಲಿ ಆಸ್ಟ್ರೇಲಿಯಾದಲ್ಲಿ ಕ್ಯಾರವಾನ್ ಎಳೆಯುವವರು ತುಂಬಾ. ಇಲ್ಲಿ ಬಾಲ್ ವೇಟ್ (ನಿಮ್ಮ ಟಂಗ್ ವೇಟ್) ಸುಮಾರು ಶೇಕಡಾ 10 ಇರಲಿ ಅನ್ನುತ್ತಾರೆ, ಆದರೆ ಮಾತು ಅದೇ. ನನ್ನ ಕಡೆಯಿಂದ ಒಂದು ಕೇಳಿಕೆ. ಸೈಕಲ್‌ಗಳನ್ನು ಟ್ರೇಲರ್‌ನ ಹಿಂದಿನ ಬಂಪರ್ ಮೇಲೆ ರ‍್ಯಾಕ್ ಹಾಕಿ ಕಟ್ಟಬೇಡಿ. ಮಕ್ಕಳಿರುವ ಮನೆಯವರು ಮೊದಲು ಮಾಡುವುದೇ ಅದು.

ಲೆಕ್ಕ ನೋಡಿ. ರ‍್ಯಾಕ್, ನಾಲ್ಕು ಸೈಕಲ್ ಸೇರಿ 150 ಪೌಂಡ್. ಆಕ್ಸಲ್‌ನಿಂದ 10 ಅಡಿ ಹಿಂದೆ. ಆಕ್ಸಲ್‌ನಿಂದ ಹಿಚ್ 15 ಅಡಿ ಮುಂದೆ ಅಂತ ಇಟ್ಟುಕೊಳ್ಳಿ. ಆ 150 ಪೌಂಡ್ ಹಿಚ್‌ನ ಮೇಲಿನ ಭಾರದಲ್ಲಿ 100 ಪೌಂಡ್ ಎತ್ತಿಬಿಡುತ್ತದೆ. 500 ಇದ್ದದ್ದು 400 ಆಯಿತು. ಒಟ್ಟು ತೂಕ ಮಾತ್ರ ಹೆಚ್ಚಿತು. ಶೇಕಡಾ ಹತ್ತರ ಕೆಳಗೆ ಜಾರುವುದು ಹೀಗೆ.

ನೀರಿನ ಟ್ಯಾಂಕ್ ಎಲ್ಲಿದೆ ಅಂತಲೂ ಕೇಳಿ. ಕೆಲವು ಟ್ರೇಲರ್‌ಗಳಲ್ಲಿ ಆಕ್ಸಲ್ ಹಿಂದೆ ಇರುತ್ತದೆ. ತುಂಬಿಸಿದರೆ ಟಂಗ್ ಹಗುರ. ಬಳಸಿದ ನೀರಿನ ಟ್ಯಾಂಕ್‌ಗಳೂ ಹಾಗೇ, ಕ್ಯಾಂಪ್ ಬಿಡುವ ಮೊದಲು ಡಂಪ್ ಸ್ಟೇಷನ್‌ನಲ್ಲಿ ಖಾಲಿ ಮಾಡಿ.

ತುಂಗಾತೀರ

ಸೈಕಲ್ ಬಿಟ್ಟೆವು. ಮಕ್ಕಳಿಗೆ ಬೇಜಾರಾಯಿತು, ಆದರೆ ಟ್ರೆಡ್‌ಮಿಲ್ ವಿಡಿಯೊ ನೋಡಿದ ಮೇಲೆ ಅವರೇ ಬೇಡ ಅಂದರು.

ಕಂಟ್ರೋಲರ್ ಇರಲಿಲ್ಲ, ಹಾಕಿಸಿದೆ. ಈಗ ದಾರಿಯ ಬಗ್ಗೆ ಹೇಳಿ. 395ರ ಇಳಿಜಾರು, ಗಾಳಿ ಹೇಗೆ? ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್‌ಗೆ 55 ಅಂತಾರೆ, ಎಲ್ಲರೂ 70ರಲ್ಲಿ ಹೋಗುತ್ತಾರೆ. ನಾವು ಮಾತ್ರ ನಿಧಾನ ಹೋದರೆ ಅಪಾಯ ಅಲ್ವಾ?

ರೂಟ್_395

55 ಕಾನೂನು. ಏನನ್ನು ಎಳೆಯುತ್ತಿದ್ದರೂ ಅಷ್ಟೇ, ಬಲಗಡೆಯ ಲೇನ್‌ನಲ್ಲೇ ಇರಬೇಕು. ದೊಡ್ಡ ಲಾರಿಗಳಿಗೂ ಅದೇ ವೇಗ, ಹಾಗಾಗಿ ನೀವು ಒಂಟಿಯಲ್ಲ. ನೆವಾಡಾಕ್ಕೆ ಹೋದ ಮೇಲೆ ಆ ಕಾನೂನು ಇಲ್ಲ, ಆದರೆ ನೀವು 60 ದಾಟಬೇಡಿ ಅಂತ ಕೇಳಿಕೊಳ್ಳುತ್ತೇನೆ. ಟ್ರೇಲರ್‌ಗೆ ಹಾಕುವ ಎಸ್‌ಟಿ ಟೈರ್‌ಗಳಲ್ಲಿ ಹಳೆಯ ಬಗೆಯವು ಎಷ್ಟೋ 65 ಮೈಲಿಗೇ ಮಾಡಿದಂಥವು.

ಟೈರ್ ಮಾತು ಬಂತು, ಹೇಳಿಬಿಡುತ್ತೇನೆ. ಬಾಡಿಗೆ ಟ್ರೇಲರ್ ತೆಗೆದುಕೊಳ್ಳುವಾಗ ಟೈರ್ ಪಕ್ಕದಲ್ಲಿ ಡಾಟ್ ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ. 2319 ಇದ್ದರೆ 2019ರ 23ನೇ ವಾರ ಮಾಡಿದ್ದು. ಐದಾರು ವರ್ಷ ದಾಟಿದ್ದರೆ ಟೈರಿನ ಮೇಲ್ಮೈ ಗೀರು (ಟ್ರೆಡ್) ಎಷ್ಟೇ ಚೆನ್ನಾಗಿದ್ದರೂ ಬೇರೆ ಕೇಳಿ. ಗಾಳಿಯನ್ನು ತಣ್ಣಗಿದ್ದಾಗ, ಟ್ರೇಲರ್‌ನ ಚೀಟಿಯಲ್ಲಿ ಹೇಳಿದಷ್ಟು ಪೂರ್ತಿ ಹಾಕಿ. ಮೆತ್ತಗಿನ ಟೈರ್ ಪಕ್ಕಕ್ಕೆ ಬಾಗುತ್ತದೆ, ಓಲಾಟಕ್ಕೆ ಅದೂ ದಾರಿ. ಕಾರಿನ ಹಿಂದಿನ ಟೈರ್‌ಗೂ ಮ್ಯಾನುಯಲ್‌ನಲ್ಲಿ ಹೇಳಿದ ಒತ್ತಡ ಇರಲಿ. ಚಕ್ರದ ನಟ್‌ಗಳನ್ನು ಮೊದಲ 50 ಮೈಲಿ ಆದ ಮೇಲೆ ಟಾರ್ಕ್ ವ್ರೆಂಚಿನಿಂದ ಮತ್ತೊಮ್ಮೆ ನೋಡಿ.

ಇನ್ನು ದಾರಿ. ಡಾನರ್ ಸಮ್ಮಿಟ್ 7,239 ಅಡಿ. ಹೋಗುವಾಗ ಏರು, ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ಸುಮಾರು ಶೇಕಡಾ 3 ಶಕ್ತಿ ಕಳೆದುಕೊಳ್ಳುತ್ತದೆ. ಲಾರಿಗಳ ಜೊತೆ 40ರಲ್ಲಿ ಹತ್ತಿ, ಅವಸರ ಬೇಡ. ವಾಪಸ್ ಬರುವಾಗಿನ ಉದ್ದನೆಯ ಇಳಿಜಾರೇ ಮುಖ್ಯ. ರೀನೊದಿಂದ ಕಾರ್ಸನ್ ಸಿಟಿ ಕಡೆಗೆ ಹೋಗುವಾಗ ವಾಶೋ ವ್ಯಾಲಿ ಸಿಗುತ್ತದೆ. ಪರ್ವತದಿಂದ ಇಳಿಯುವ ಗಾಳಿ ಅಡ್ಡ ಹೊಡೆಯುವ ಜಾಗ. ಎತ್ತರದ ಗಾಡಿಗಳಿಗೆ ಪ್ರವೇಶ ಇಲ್ಲ ಅಂತ ಮಿನುಗುವ ಬೋರ್ಡ್ ಅಲ್ಲಿ ಇದೆ. ಅದು ಮಿನುಗುತ್ತಿದ್ದರೆ ನಿಲ್ಲಿಸಿ, ಮಕ್ಕಳಿಗೆ ಊಟ ಹಾಕಿ, ಗಾಳಿ ಇಳಿಯುವವರೆಗೆ ಕಾಯಿರಿ. ಟ್ರಾವೆಲ್ ಟ್ರೇಲರ್‌ನ ಪಕ್ಕದ ಗೋಡೆ ಗಾಳಿಗೆ ಹಾಯಿಯಂತೆ ಸಿಗುತ್ತದೆ.

ಕಾನ್ವೇ ಸಮ್ಮಿಟ್ 8,100 ಅಡಿಯ ಮೇಲಿದೆ. ಅಲ್ಲಿಂದ ಮೋನೊ ಲೇಕ್ ಕಡೆಗೆ ಕಡಿದಾದ ಇಳಿಜಾರು. ನೋಟ ಬಹಳ ಚೆಂದ, ಆದರೆ ನೋಡಬೇಕಾದವರು ಅಪ್ಪ ಅಮ್ಮ, ನೀವಲ್ಲ. ವಿಸ್ಟಾ ಪಾಯಿಂಟ್‌ನಲ್ಲಿ ನಿಲ್ಲಿಸಿ ನೋಡಿ. ಮುಂದೆ ಬಿಷಪ್‌ಗೆ ಮೊದಲು ಶರ್ವಿನ್ ಗ್ರೇಡ್ ಅನ್ನುವ ಇಳಿಜಾರು. ಓವೆನ್ಸ್ ವ್ಯಾಲಿಯಲ್ಲಿ ಮಧ್ಯಾಹ್ನದ ಮೇಲೆ ಗಾಳಿ ಏಳುವುದು ಜಾಸ್ತಿ. ಬೆಳಗ್ಗೆ ಬೇಗ ಹೊರಟು ಮಧ್ಯಾಹ್ನ ಎರಡು ಗಂಟೆಯೊಳಗೆ ಕ್ಯಾಂಪ್ ಸೇರಿಕೊಳ್ಳಿ. ಸೊನೋರಾ ಪಾಸ್, ಅಂದರೆ 108ನೇ ಹೆದ್ದಾರಿ, ಮ್ಯಾಪ್‌ನಲ್ಲಿ ಹತ್ತಿರ ಅಂತ ತೋರಿಸಬಹುದು. ಅಲ್ಲಿ ಶೇಕಡಾ 26ರ ಇಳಿಜಾರು ಇದೆ. ಟ್ರೇಲರ್ ಕಟ್ಟಿಕೊಂಡು ಆ ಕಡೆ ತಿರುಗಲೇಬೇಡಿ.

ಡೆನ್ವರ್_ಕನ್ನಡಿಗ

ಇಳಿಜಾರಿನ ಬಗ್ಗೆ ಸೇರಿಸುತ್ತೇನೆ. ಇಲ್ಲಿ ಐ-70ರ ಐಸೆನ್‌ಹೋವರ್ ಸುರಂಗ 11,000 ಅಡಿಯ ಮೇಲಿದೆ. ಅಲ್ಲಿಂದ ಇಳಿದು ಕಲಿತದ್ದು ಒಂದೇ. ತುದಿ ದಾಟುವ ಮೊದಲೇ ವೇಗ ಇಳಿಸಿ, ಟೋ ಮೋಡ್ (ಟ್ರೇಲರ್ ಎಳೆಯುವಾಗಿನ ಗೇರ್ ವ್ಯವಸ್ಥೆ) ಹಾಕಿ, ಕೆಳಗಿನ ಗೇರ್‌ಗೆ ಬನ್ನಿ. ಎಂಜಿನ್ ಕೂಗಿದರೆ ಗಾಬರಿ ಬೇಡ, ಅದು ನಿಮಗಾಗಿ ಬ್ರೇಕ್ ಹಿಡಿಯುತ್ತಿದೆ. ಕಾಲು ಬ್ರೇಕ್ ಮೇಲೆ ಸದಾ ಇಟ್ಟುಕೊಂಡು ಇಳಿದರೆ ಬಿಸಿಯಾಗಿ ಹಿಡಿತ ಹೋಗುತ್ತದೆ. ವೇಗ 50ಕ್ಕೆ ಏರಿದಾಗ ಗಟ್ಟಿಯಾಗಿ ಒತ್ತಿ 40ಕ್ಕೆ ತನ್ನಿ, ಪೂರ್ತಿ ಬಿಡಿ, ತಣ್ಣಗಾಗಲಿ. ಇಳಿಜಾರಿನಲ್ಲೇ ಓಲಾಟ ಸುಲಭವಾಗಿ ಶುರುವಾಗುವುದು ಅಂತಲೂ ನೆನಪಿರಲಿ.

ದೊಡ್ಡ ಲಾರಿ ಪಕ್ಕದಲ್ಲಿ ಹಾದುಹೋಗುವಾಗ ಮೊದಲು ಗಾಳಿ ನಿಮ್ಮನ್ನು ಆಚೆ ತಳ್ಳುತ್ತದೆ, ಆಮೇಲೆ ಲಾರಿಯ ಕಡೆಗೆ ಸೆಳೆಯುತ್ತದೆ. ಮಿರರ್‌ನಲ್ಲಿ ಬರುವುದು ಕಂಡಾಗಲೇ ಲೇನ್‌ನ ಬಲ ಅಂಚಿಗೆ ಸ್ವಲ್ಪ ಸರಿದು, ಎರಡು ಕೈಯಲ್ಲೂ ಸ್ಟೀರಿಂಗ್ ಹಿಡಿದು ಕಾಯಿರಿ.

ಕಟ್ಟುವಾಗ: ಬಾಲ್‌ನ ಅಳತೆ ಕಪ್ಲರ್ (ಬಾಲ್ ಮೇಲೆ ಕೂರುವ ಟ್ರೇಲರ್ ಮೂತಿ) ಮೇಲೆ ಬರೆದಿರುತ್ತದೆ, ಎರಡೂ ಒಂದೇ ಇರಬೇಕು. 2 ಇಂಚಿನ ಬಾಲ್ ಮೇಲೆ 2 5/16 ಇಂಚಿನ ಕಪ್ಲರ್ ಕೂತಂತೆ ಕಾಣುತ್ತದೆ, ಮೊದಲ ಉಬ್ಬಿಗೆ ಎದ್ದು ಬರುತ್ತದೆ. ಲ್ಯಾಚ್ ಹಾಕಿ ಪಿನ್ ಸೇರಿಸಿದ ಮೇಲೆ ಜ್ಯಾಕ್‌ನಿಂದ ಟಂಗ್ ಸ್ವಲ್ಪ ಎತ್ತಿ. ಕಾರಿನ ಹಿಂಭಾಗವೂ ಜೊತೆಗೆ ಎದ್ದರೆ ಸರಿಯಾಗಿ ಕೂತಿದೆ. ಸರಪಳಿಗಳನ್ನು ಟಂಗ್ ಕೆಳಗೆ ಅಡ್ಡ ಹಾಯಿಸಿ ಕಟ್ಟಿ. ಬ್ರೇಕ್‌ಅವೇ ತಂತಿಯನ್ನು ಸರಪಳಿಗೆ ಕಟ್ಟಬೇಡಿ, ಕಾರಿಗೆ ಬೇರೆಯಾಗಿ ಕಟ್ಟಿ. ಟ್ರೇಲರ್ ಕಳಚಿದರೆ ಆ ತಂತಿಯೇ ಪಿನ್ ಎಳೆದು ಅದರ ಬ್ರೇಕ್ ಹಾಕುವುದು. ಟ್ರೇಲರ್ ಬ್ಯಾಟರಿ ಸತ್ತಿದ್ದರೆ ಅದೂ ಕೆಲಸ ಮಾಡುವುದಿಲ್ಲ. ಪಕ್ಕದಿಂದ ನಿಂತು ನೋಡಿ, ಟ್ರೇಲರ್ ಸಮತಟ್ಟಾಗಿರಬೇಕು. ಮೂತಿ ಮೇಲೆ ಎತ್ತಿಕೊಂಡಿದ್ದರೆ ಹಿಚ್ ಎತ್ತರ ಸರಿಮಾಡಿಸಿ.

ರೂಟ್_395

ಹೊರಡುವ ಮೊದಲು ತೂಗಿಸಿ ಅಕ್ಕ. ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಇರುತ್ತದೆ, ಲಾರಿಗಳಿಗೆ ಮಾಡಿದ್ದು. ಯಾರು ಬೇಕಾದರೂ ಹೋಗಬಹುದು, ಖರ್ಚೂ ಕಡಿಮೆ. ಮುಂದಿನ ಆಕ್ಸಲ್ ಒಂದು ಹಲಗೆ ಮೇಲೆ, ಹಿಂದಿನದು ಎರಡನೆಯದರ ಮೇಲೆ, ಟ್ರೇಲರ್ ಚಕ್ರಗಳು ಮೂರನೆಯದರ ಮೇಲೆ ನಿಲ್ಲಬೇಕು. ಮೂರು ಸಲ ತೂಗಿಸಿ. ಸ್ಪ್ರಿಂಗ್ ಬಾರ್ ಹಾಕಿ ಒಮ್ಮೆ, ಬಾರ್ ಬಿಚ್ಚಿ ಒಮ್ಮೆ, ಟ್ರೇಲರ್ ಬಿಟ್ಟು ಕಾರು ಮಾತ್ರ ಒಮ್ಮೆ. ಎಲ್ಲರೂ ಕಾರಿನೊಳಗೆ ಕೂತಿರಬೇಕು, ಸಾಮಾನೆಲ್ಲಾ ತುಂಬಿರಬೇಕು.

ತುಂಗಾತೀರ

ನಾಳೆ ಬೆಳಗ್ಗೆ ಹೊರಡುತ್ತಿದ್ದೇವೆ. 19 ಅಡಿಯದ್ದೇ ತೆಗೆದುಕೊಂಡೆವು. ಮೊದಲು ತೋರಿಸಿದ ಟ್ರೇಲರ್‌ನ ಟೈರ್ ಏಳು ವರ್ಷ ಹಳೆಯದು, ಬೇರೆ ಕೇಳಿದೆ, ಕೊಟ್ಟರು. ಇವತ್ತು ತೂಗಿಸಿಕೊಂಡು ಬಂದೆವು. ಅಪ್ಪನಿಗೆ ಇದು ಬಹಳ ಇಷ್ಟವಾಯಿತು, ಚೀಟಿಗಳನ್ನು ಅವರೇ ಹಿಡಿದುಕೊಂಡು ಲೆಕ್ಕ ಹಾಕಿದರು.

ಕಾರು ಮಾತ್ರ: ಮುಂದೆ 2,640, ಹಿಂದೆ 2,800.
ಟ್ರೇಲರ್ ಕಟ್ಟಿ, ಬಾರ್ ಇಲ್ಲದೆ: ಮುಂದೆ 2,440, ಹಿಂದೆ 3,500, ಟ್ರೇಲರ್ 3,700.
ಬಾರ್ ಹಾಕಿ: ಮುಂದೆ 2,560, ಹಿಂದೆ 3,300, ಟ್ರೇಲರ್ 3,780.

ಕಾರಿನ ಒಟ್ಟು ಮಿತಿ 6,000 ಅಂತ ಬಾಗಿಲಲ್ಲಿದೆ. ನೋಡಿ ಹೇಳುತ್ತೀರಾ?

ರೂಟ್_395

ಅಪ್ಪನಿಗೆ ನನ್ನ ನಮಸ್ಕಾರ ತಿಳಿಸಿ. ಕಾರು ಮಾತ್ರ 5,440, ಟ್ರೇಲರ್ ಕಟ್ಟಿದಾಗ ಕಾರಿನ ಎರಡು ಆಕ್ಸಲ್ ಸೇರಿ 5,940. ವ್ಯತ್ಯಾಸ 500, ಅದೇ ಟಂಗ್ ವೇಟ್. ಟ್ರೇಲರ್ ಒಟ್ಟು 4,200. ಶೇಕಡಾ 11.9. ಕಾರು 6,000ದೊಳಗೆ ಇದೆ. ಕಟ್ಟಿದಾಗ ಮುಂದಿನ ಚಕ್ರ 200 ಪೌಂಡ್ ಕಳೆದುಕೊಂಡಿತ್ತು, ಬಾರ್ ಹಾಕಿದ ಮೇಲೆ 120 ವಾಪಸ್ ಬಂತು. ಎಷ್ಟು ವಾಪಸ್ ಬರಬೇಕು ಅಂತ ನಿಮ್ಮ ಮ್ಯಾನುಯಲ್‌ನಲ್ಲಿ ಇದ್ದರೆ ಅದಕ್ಕೆ ಹೋಲಿಸಿ ನೋಡಿ.

ಒಂದೇ ತಕರಾರು. ಟಂಗ್ ಸರಿಯಾಗಿ 500, ಹಿಚ್ ಮಿತಿಯೂ 500. ಟ್ರೇಲರ್‌ನ ಮುಂದಿನ ಸಾಮಾನು ಪೆಟ್ಟಿಗೆಯಲ್ಲಿ ಏನಿಟ್ಟಿದ್ದೀರಿ?

ತುಂಗಾತೀರ

ಕುಡಿಯುವ ನೀರಿನ ಬಾಟಲಿ ಕೇಸ್ ಎರಡು, ಅಕ್ಕಿ, ಗ್ರೈಂಡರ್.

ರೂಟ್_395

ನೀರಿನ ಕೇಸ್ ಎರಡನ್ನೂ ಒಳಗೆ ಆಕ್ಸಲ್ ಮೇಲಿನ ನೆಲದಲ್ಲಿಟ್ಟು, ಜಾರದಂತೆ ಸೋಫಾ ಕಾಲಿಗೆ ಕಟ್ಟಿ. ಅಕ್ಕಿ, ಗ್ರೈಂಡರ್ ಅಲ್ಲೇ ಇರಲಿ. ಟಂಗ್ 450ರ ಆಸುಪಾಸಿಗೆ ಬರುತ್ತದೆ. 420ಕ್ಕಿಂತ ಕೆಳಗೆ ಹೋಗಬಾರದು, ಅದು ನಿಮ್ಮ ಶೇಕಡಾ ಹತ್ತು. ಸಿಹಿನೀರಿನ ಟ್ಯಾಂಕ್ ಈಗ ಎಷ್ಟು ತುಂಬಿದೆಯೋ ಹಾಗೇ ಇರಲಿ, ಬಿಷಪ್‌ನಲ್ಲಿ ತುಂಬಿಸಿಕೊಳ್ಳಬಹುದು. ಗ್ಯಾಸ್ ಸಿಲಿಂಡರ್ ವಾಲ್ವ್ ಓಡುವಾಗ ಮುಚ್ಚಿರಲಿ. ವಾಶೋ ವ್ಯಾಲಿಯ ಗಾಳಿ ಮುನ್ಸೂಚನೆ ಬೆಳಗ್ಗೆ ಎದ್ದ ತಕ್ಷಣ ನೋಡಿ, ಇಲ್ಲಿ ಹಾಕಿ. ನಾನು ಐದು ಗಂಟೆಗೆ ಎದ್ದಿರುತ್ತೇನೆ.